ಲೇಬಲಿನ ಮೌನ: ಔಷಧಗಳ ಅನುಕ್ತಪ್ರಯೋಗವನ್ನು ಕುರಿತ ಒಂದು ವಿಮರ್ಶೆ

೧

ವೈದ್ಯರ ಸಲಹೆಯ ಮೇಲೆಯೇ ಕೊಳ್ಳಬೇಕಾದ ಪ್ರತಿಯೊಂದು ಔಷಧದ ಹಿಂದೆಯೂ ಒಂದು ಬರವಣಿಗೆಯುಂಟು. ಆ ಔಷಧವು ಯಾವ ರೋಗಕ್ಕೆ ಸಲ್ಲುತ್ತದೆ, ಎಷ್ಟು ಪ್ರಮಾಣದಲ್ಲಿ ಸಲ್ಲುತ್ತದೆ, ಯಾರು ಅದನ್ನು ಸೇವಿಸಬಾರದು, ಸೇವಿಸಿದವರಲ್ಲಿ ಏನೇನು ಉಪದ್ರವಗಳು ತಲೆದೋರಬಹುದು ಎಂಬುದನ್ನು ಸಣ್ಣ ಅಕ್ಷರಗಳಲ್ಲಿ ಹೇಳುವ ಈ ಬರವಣಿಗೆಗೆ 'ಲೇಬಲು' ಎಂಬ ಹೆಸರು ರೂಢಿಯಲ್ಲಿದೆ. ಸೀಸೆಗೆ ಅಂಟಿಸಿದ ಕಾಗದವಷ್ಟೇ ಲೇಬಲಲ್ಲ. ಔಷಧನಿಯಂತ್ರಣ ಸಂಸ್ಥೆಯು ಪರಿಶೀಲಿಸಿ ಒಪ್ಪಿದ ಸಮಗ್ರ ವಿವರಣೆಯನ್ನೇ ಇಲ್ಲಿ ಲೇಬಲೆಂದು ತಿಳಿಯಬೇಕು. ಇದರ ಎದುರಿಗೆ ಇನ್ನೊಂದು ಬರವಣಿಗೆಯಿದೆ. ಅದು ವೈದ್ಯನು ರೋಗಿಯ ಕೈಗೆ ಕೊಡುವ ಚೀಟಿ. ಲೇಬಲು ಸರ್ವಸಾಮಾನ್ಯವಾದ ಮಾತು. ಚೀಟಿ ಒಬ್ಬ ವ್ಯಕ್ತಿಯನ್ನು ಕುರಿತ ಮಾತು. ಬಹುಮಟ್ಟಿಗೆ ಇವೆರಡೂ ಒಂದನ್ನೊಂದು ಅನುಸರಿಸುತ್ತವೆ. ಕೆಲವೆಡೆ ಅನುಸರಿಸುವುದಿಲ್ಲ. ಲೇಬಲಿನಲ್ಲಿ ಹೇಳದ ರೋಗಕ್ಕೆ, ಹೇಳದ ವಯಸ್ಸಿನವರಿಗೆ, ಹೇಳದ ಪ್ರಮಾಣದಲ್ಲಿ ಅಥವಾ ಹೇಳದ ಮಾರ್ಗದಿಂದ ಔಷಧವನ್ನು ಕೊಡುವುದಕ್ಕೆ 'ಆಫ್-ಲೇಬಲ್' ಬಳಕೆಯೆಂದು ಹೆಸರು.

ಕನ್ನಡದಲ್ಲಿ ಇದನ್ನು ಏನೆಂದು ಕರೆಯಬೇಕೆಂಬುದು ಬರಿಯ ಪರಿಭಾಷೆಯ ಪ್ರಶ್ನೆಯಲ್ಲ. 'ಅನಧಿಕೃತ ಬಳಕೆ' ಎಂದರೆ ಕಾನೂನಿನ ಉಲ್ಲಂಘನೆಯಾಯಿತೆಂಬ ಧ್ವನಿ ಬರುತ್ತದೆ; 'ದುರ್ಬಳಕೆ' ಎಂದರೆ ವಿಚಾರಣೆಗೆ ಮೊದಲೇ ತೀರ್ಪು ಕೊಟ್ಟಂತಾಗುತ್ತದೆ. ಹೆಸರೇ ತೀರ್ಪಾದಲ್ಲಿ ವಿಮರ್ಶೆಗೆ ಎಡೆಯಿಲ್ಲ. ಲೇಬಲು ಹೇಳಿದ್ದು ಉಕ್ತ, ಹೇಳದೆ ಬಿಟ್ಟದ್ದು ಅನುಕ್ತ. ಆದುದರಿಂದ ಪ್ರಕೃತ ಲೇಖನದಲ್ಲಿ ಇದನ್ನು 'ಅನುಕ್ತಪ್ರಯೋಗ'ವೆಂದು ಕರೆದಿದೆ. ಈ ಹೆಸರು ಯಾರನ್ನೂ ನಿಂದಿಸುವುದಿಲ್ಲ, ಯಾರನ್ನೂ ಸಮರ್ಥಿಸುವುದೂ ಇಲ್ಲ.

ಈ ವಿಷಯದಲ್ಲಿ ವಿದ್ಯಾವಂತರಲ್ಲಿಯೂ ಎರಡು ಮತಗಳು ಬಳಕೆಯಲ್ಲಿವೆ. ಲೇಬಲಿನಲ್ಲಿ ಇಲ್ಲದ್ದನ್ನು ಮಾಡುವುದು ತಪ್ಪೆಂಬುದು ಒಂದು. ವೈದ್ಯನ ವಿವೇಚನೆಗೆ ಲೇಬಲು ಅಡ್ಡಬರಬಾರದೆಂಬುದು ಇನ್ನೊಂದು. ಎರಡೂ ಮತಗಳು ಲೇಬಲಿನ ಮೌನಕ್ಕೆ ಒಂದೇ ಅರ್ಥವಿದೆಯೆಂದು ಭಾವಿಸಿಕೊಂಡಿವೆ. ಮೊದಲನೆಯವರಿಗೆ ಆ ಮೌನ ನಿಷೇಧ, ಎರಡನೆಯವರಿಗೆ ಅದು ಅನುಮತಿ. ಲೇಬಲಿನ ಮೌನಕ್ಕೆ ಒಂದೇ ಅರ್ಥವಿಲ್ಲ. ಮೌನ ಯಾರದು, ಯಾವ ಕಾರಣದಿಂದ ಹುಟ್ಟಿದ್ದು ಎಂಬುದನ್ನು ವಿಚಾರಿಸದೆ ಅನುಕ್ತಪ್ರಯೋಗವನ್ನು ಒಳ್ಳೆಯದೆಂದಾಗಲಿ ಕೆಟ್ಟದ್ದೆಂದಾಗಲಿ ಹೇಳಲು ಬಾರದು. ಇದು ಈ ಲೇಖನದ ಪ್ರತಿಪಾದ್ಯ.

೨

ಶಾಸ್ತ್ರವಾಕ್ಯಗಳನ್ನು ಅರ್ಥೈಸುವ ವಿಧಾನವನ್ನು ಮೀಮಾಂಸಕರಷ್ಟು ಸೂಕ್ಷ್ಮವಾಗಿ ಚರ್ಚಿಸಿದವರು ವಿರಳ. ಅವರ ವಿಭಾಗಕ್ರಮ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಲೇಬಲಿನಲ್ಲಿ ವಿಧಿಯಿದೆ: ಈ ರೋಗಕ್ಕೆ ಇಷ್ಟು ಕೊಡತಕ್ಕದ್ದು. ನಿಷೇಧವಿದೆ: ಇಂಥವರಿಗೆ ಕೊಡಕೂಡದು. ಇವೆರಡರ ನಡುವೆ ಬಹು ವಿಸ್ತಾರವಾದ ಅನುಕ್ತಪ್ರದೇಶವಿದೆ. ಪ್ರಶ್ನೆಯೆಂದರೆ, ಲೇಬಲಿನ ವಿಧಿಯು ಶುದ್ಧ ವಿಧಿಯೋ ಅಥವಾ ಪರಿಸಂಖ್ಯೆಯೋ? ಐದು ಉಗುರುಗಳುಳ್ಳ ಪ್ರಾಣಿಗಳಲ್ಲಿ ಐದನ್ನು ಮಾತ್ರ ಭಕ್ಷ್ಯವೆಂದು ಎಣಿಸಿದಾಗ ಆ ಮಾತಿನ ತಾತ್ಪರ್ಯವು ಐದನ್ನು ತಿನ್ನಬೇಕೆಂಬುದರಲ್ಲಿಲ್ಲ, ಉಳಿದವುಗಳನ್ನು ತಿನ್ನಬಾರದೆಂಬುದರಲ್ಲಿದೆ. ಒಂದನ್ನು ಹೇಳುವುದರಿಂದಲೇ ಇತರವನ್ನು ತಳ್ಳಿಹಾಕುವ ವಾಕ್ಯ ಪರಿಸಂಖ್ಯೆ. ಅನುಕ್ತಪ್ರಯೋಗವೆಲ್ಲ ತಪ್ಪೆನ್ನುವವರು ಲೇಬಲನ್ನು ಪರಿಸಂಖ್ಯೆಯಾಗಿ ಓದುತ್ತಾರೆ.

ಈ ಓದು ಲೇಬಲಿನ ಹುಟ್ಟಿಗೆ ಹೊಂದುವುದಿಲ್ಲ. ಅಮೆರಿಕದಲ್ಲಿ ೧೯೩೮ರ ಶಾಸನವು ಔಷಧ ನಿರಪಾಯವೆಂದು ತೋರಿಸಬೇಕೆಂದು ವಿಧಿಸಿತು. ಥಾಲಿಡೊಮೈಡ್ ದುರಂತದ ತರುವಾಯ ೧೯೬೨ರಲ್ಲಿ ಬಂದ ತಿದ್ದುಪಡಿಯು ಔಷಧ ಗುಣಕಾರಿಯೆಂದೂ ತೋರಿಸಬೇಕೆಂದು ಕೇಳಿತು. ಗುಣಕಾರಿಯೆಂದರೆ ಯಾವುದಕ್ಕೆ? ತಯಾರಕನು ಯಾವ ರೋಗವನ್ನು ಹೆಸರಿಸಿ ಅರ್ಜಿ ಸಲ್ಲಿಸುತ್ತಾನೋ ಅದಕ್ಕೆ. ಎಂದರೆ ಲೇಬಲು ಒಂದು ಪ್ರಶ್ನೆಗೆ ದೊರೆತ ಉತ್ತರ. ಪ್ರಶ್ನೆಯನ್ನು ಕೇಳುವವನು ಔಷಧದ ಒಡೆಯ. ಆತ ಕೇಳದ ಪ್ರಶ್ನೆಗೆ ಲೇಬಲಿನಲ್ಲಿ ಉತ್ತರವಿರುವುದಿಲ್ಲ. ಪ್ರಶ್ನೆ ಕೇಳಲು ವರ್ಷಗಟ್ಟಲೆಯ ಪರೀಕ್ಷೆಗಳೂ ಅಪಾರವಾದ ಹಣವೂ ಬೇಕು. ಪೇಟೆಂಟು ಮುಗಿದು ಔಷಧ ಅಗ್ಗವಾದ ಮೇಲೆ ಹೊಸ ಪ್ರಶ್ನೆ ಕೇಳುವುದರಿಂದ ಒಡೆಯನಿಗೆ ಲಾಭವಿಲ್ಲ. ಮಕ್ಕಳ ಮೇಲೆ ಪರೀಕ್ಷೆ ನಡೆಸಲು ಹಿಂಜರಿದ ಕಾರಣ ಎಷ್ಟೋ ಔಷಧಗಳ ಲೇಬಲು ಮಕ್ಕಳ ವಿಷಯದಲ್ಲಿ ಮೌನವಾಗಿಯೇ ಉಳಿಯಿತು. ಮಕ್ಕಳಿಗೆ ರೋಗ ಬರುವುದು ಅದರಿಂದ ನಿಲ್ಲಲಿಲ್ಲ. ವೈದ್ಯರು ದೇಹದ ತೂಕ ನೋಡಿ ಲೆಕ್ಕಹಾಕಿ ಕೊಡುತ್ತ ಬಂದರು.

ಹೀಗೆ ನೋಡಿದರೆ ಅನುಕ್ತವು ಮೂರು ಬಗೆಯದಾಗುತ್ತದೆ. ಕೇಳುವವರಿಲ್ಲದುದರಿಂದ ಉಳಿದ ಮೌನ ಮೊದಲನೆಯದು, ಇದನ್ನು ಉದಾಸೀನಮೌನವೆನ್ನಬಹುದು. ಆಧಾರ ಇನ್ನೂ ದೊರೆತಿಲ್ಲದುದರಿಂದ ಉಳಿದದ್ದು ಎರಡನೆಯದು, ಇದು ಅಪ್ರಮಾಣಮೌನ. ಪರೀಕ್ಷಿಸಿ ನೋಡಿ ಗುಣವಿಲ್ಲವೆಂದು ಕಂಡ ಮೇಲೂ ಲೇಬಲಿನಲ್ಲಿ ಆ ಮಾತು ಬಾರದೆ ಉಳಿಯುವುದು ಮೂರನೆಯದು. ಇದು ನಿರಾಕರಣದ ಮೌನ. ಕಾಗದದ ಮೇಲೆ ಮೂರೂ ಒಂದೇ ತೆರನಾಗಿ ಕಾಣುತ್ತವೆ. ರೋಗಿಯ ಶರೀರದಲ್ಲಿ ಅವು ಒಂದೇ ಅಲ್ಲ.

೩

ಲಕ್ಷ್ಯ ಮೊದಲೋ ಲಕ್ಷಣ ಮೊದಲೋ ಎಂಬ ಚರ್ಚೆ ನಮ್ಮ ಸಾಹಿತ್ಯಶಾಸ್ತ್ರಕ್ಕೆ ಹೊಸದಲ್ಲ. ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸುವಾಗ ಪೂರ್ವಕವಿಗಳ ಪ್ರಯೋಗಗಳನ್ನೇ ಲಕ್ಷ್ಯವಾಗಿಟ್ಟುಕೊಂಡನು. ವ್ಯಾಕರಣವು ಪ್ರಯೋಗದ ಬೆನ್ನುಹತ್ತಿ ಬಂದದ್ದು. ಹಾಗೆಂದು ಕಂಡ ಪ್ರಯೋಗವನ್ನೆಲ್ಲ ಆತ ಸಾಧುವೆಂದು ಒಪ್ಪಲಿಲ್ಲ. ಸಾಧುಪ್ರಯೋಗ, ಅಪಪ್ರಯೋಗ ಎಂಬ ವಿವೇಕವೇ ಇಲ್ಲದಿದ್ದರೆ ವ್ಯಾಕರಣದ ಅವಶ್ಯಕತೆಯೇ ಇರುತ್ತಿರಲಿಲ್ಲ. ವೈದ್ಯದಲ್ಲಿಯೂ ಪ್ರಯೋಗ ಮುಂದೆ ನಡೆಯುತ್ತದೆ, ಲೇಬಲು ಹಿಂದಿನಿಂದ ಬರುತ್ತದೆ. ಆದರೆ ಕಾವ್ಯದಲ್ಲಿ ಅಪಪ್ರಯೋಗದಿಂದ ಕೆಡುವುದು ಒಂದು ಪದ್ಯ. ಇಲ್ಲಿ ಕೆಡುವುದು ಒಂದು ಜೀವ. ಈ ಭೇದವನ್ನು ಮರೆತು ಹೋಲಿಕೆಯನ್ನು ಬೆಳೆಸಬಾರದು.

ಆಸ್ಪಿರಿನ್ನಿನ ಚರಿತ್ರೆ ಇದಕ್ಕೆ ತಕ್ಕ ಉದಾಹರಣೆ. ೧೮೯೯ರಲ್ಲಿ ನೋವು ಜ್ವರಗಳ ಮದ್ದಾಗಿ ಮಾರುಕಟ್ಟೆಗೆ ಬಂದ ಈ ಗುಳಿಗೆಯನ್ನು ಹೃದಯಾಘಾತದ ತಡೆಗಾಗಿ ಕೊಟ್ಟವರಲ್ಲಿ ಕ್ಯಾಲಿಫೋರ್ನಿಯದ ವೈದ್ಯ ಲಾರೆನ್ಸ್ ಕ್ರೇವನ್ ಮೊದಲಿಗರಲ್ಲೊಬ್ಬನು. ೧೯೫೦ರಿಂದ ೧೯೫೬ರವರೆಗೆ ಆತ ಬರೆದ ಲೇಖನಗಳಲ್ಲಿ ತನ್ನ ರೋಗಿಗಳು ಸಾವಿರಾರು ಮಂದಿ ಈ ಮದ್ದಿನಿಂದ ಸುರಕ್ಷಿತರಾಗಿದ್ದಾರೆಂದು ಹೇಳಿಕೊಂಡನು. ಆದರೆ ಗುಳಿಗೆ ತೆಗೆದುಕೊಳ್ಳದ ಸಮಾನರಾದ ಜನರ ಗುಂಪೊಂದನ್ನು ಹೋಲಿಕೆಗಾಗಿ ಇಟ್ಟುಕೊಳ್ಳಲಿಲ್ಲ. ಆತನ ಊಹೆ ಬಹುಭಾಗ ಸರಿಯಾಗಿತ್ತು, ಆಧಾರ ಮಾತ್ರ ಆಧಾರವಾಗಿರಲಿಲ್ಲ. ದಶಕಗಳ ಪರೀಕ್ಷೆಗಳಾದ ಮೇಲೆ, ೧೯೮೫ರಲ್ಲಿ, ಒಮ್ಮೆ ಹೃದಯಾಘಾತವಾದವರಿಗೆ ಮತ್ತೊಮ್ಮೆ ಆಗದಂತೆ ತಡೆಯುವ ಪ್ರಯೋಜನವನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಒಪ್ಪಿತು. ಹೃದ್ರೋಗವೇ ಇಲ್ಲದವರು ಅರುವತ್ತು ವರ್ಷ ದಾಟಿದ ಮೇಲೆ ಮುನ್ನೆಚ್ಚರಿಕೆಗೆಂದು ಆಸ್ಪಿರಿನ್ನನ್ನು ಹೊಸದಾಗಿ ಆರಂಭಿಸಬಾರದೆಂದು ೨೦೨೨ರಲ್ಲಿ ಅಲ್ಲಿನ ತಜ್ಞಮಂಡಲಿ ಸಲಹೆ ಮಾಡಿತು. ರಕ್ತಸ್ರಾವದ ಅಪಾಯ ಲಾಭವನ್ನು ಮೀರುತ್ತದೆಂಬುದು ಕಾರಣ. ಪ್ರಯೋಗದಿಂದ ಲಕ್ಷಣ ಹುಟ್ಟಿತು. ಆ ಲಕ್ಷಣ ಪ್ರಯೋಗದ ಮೇರೆಯನ್ನೂ ಗುರುತಿಸಿತು.

೪

ಮೂರು ಮೌನಗಳನ್ನೂ ಒಂದರಲ್ಲಿಯೇ ಕಾಣಬೇಕಾದರೆ ಮಿಸೊಪ್ರೊಸ್ಟಾಲ್ ಎಂಬ ಔಷಧದ ಕಥೆಯನ್ನು ನೋಡಬೇಕು. ಅಮೆರಿಕದ ಸರ್ಲ್ ಕಂಪೆನಿಯು ಇದನ್ನು 'ಸೈಟೊಟೆಕ್' ಎಂಬ ಹೆಸರಿನಲ್ಲಿ ತಯಾರಿಸಿತು. ಕೀಲುನೋವಿನ ಮಾತ್ರೆಗಳನ್ನು ಬಹುಕಾಲ ನುಂಗುವವರಿಗೆ ಜಠರದಲ್ಲಿ ಹುಣ್ಣಾಗದಂತೆ ತಡೆಯುವುದು ಅದರ ಉಕ್ತಪ್ರಯೋಜನ; ಅಮೆರಿಕದಲ್ಲಿ ೧೯೮೮ರಲ್ಲಿ ಇದಕ್ಕೆ ಅನುಮತಿ ದೊರೆಯಿತು. ಈ ಔಷಧವು ಗರ್ಭಾಶಯವನ್ನು ಸಂಕುಚಿತಗೊಳಿಸುತ್ತದೆ. ಆದುದರಿಂದ ಗರ್ಭಿಣಿಯರು ಇದನ್ನು ಸೇವಿಸಕೂಡದು, ಸೇವಿಸಿದರೆ ಗರ್ಭಪಾತವಾದೀತು ಎಂಬ ಎಚ್ಚರಿಕೆ ಲೇಬಲಿನಲ್ಲಿತ್ತು.

ಬ್ರೆಜಿಲ್ ದೇಶದಲ್ಲಿ ಈ ಗುಳಿಗೆ ೧೯೮೬ರಿಂದ ದೊರೆಯುತ್ತಿತ್ತು. ಅಲ್ಲಿ ಗರ್ಭಪಾತಕ್ಕೆ ಕಾನೂನಿನ ಕಟ್ಟುನಿಟ್ಟಾದ ನಿರ್ಬಂಧವಿತ್ತು. ಅಲ್ಲಿನ ಹೆಂಗಸರು ಆ ಎಚ್ಚರಿಕೆಯಲ್ಲಿಯೇ ತಮಗೆ ಬೇಕಾದ ಸುದ್ದಿಯನ್ನು ಓದಿಕೊಂಡರು. ನಿಷೇಧವಾಕ್ಯ ಅವರ ಪಾಲಿಗೆ ವಿಧಿವಾಕ್ಯವಾಯಿತು. ಲೇಬಲಿನ ಅರ್ಥವು ಅದನ್ನು ಬರೆದವರ ಅಧೀನದಲ್ಲಿಯೇ ಉಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬಲವಾದ ನಿದರ್ಶನ ಸಿಕ್ಕುವುದು ಕಷ್ಟ. ಸರ್ಕಾರವು ೧೯೯೧ರಲ್ಲಿ ಮಾರಾಟವನ್ನು ನಿರ್ಬಂಧಿಸಿತು. ಹಿಂದಿನ ಕ್ರೂರವಾದ ಉಪಾಯಗಳಿಗೆ ಹೋಲಿಸಿದರೆ ಈ ಗುಳಿಗೆಯಿಂದ ತಾಯಂದಿರಿಗೆ ಆಗುತ್ತಿದ್ದ ಸೋಂಕು ಕಡಮೆಯೆಂದು ವೈದ್ಯರು ಕಂಡರು. ಅದೇ ವೇಳೆಗೆ, ಪ್ರಮಾಣ ತಿಳಿಯದೆ ಸೇವಿಸಿ ಗರ್ಭ ಉಳಿದಾಗ ಹುಟ್ಟಿದ ಕೆಲವು ಶಿಶುಗಳಲ್ಲಿ ಮುಖದ ನರಗಳ ಊನವನ್ನೂ ಕಂಡರು. ಲೇಬಲು ಹೇಳಿದ್ದು 'ಬೇಡ' ಎಂದಷ್ಟೇ. ಎಷ್ಟು, ಯಾವಾಗ, ಹೇಗೆ ಎಂಬುದನ್ನು ಹೇಳಬಲ್ಲವರು ಆ ಹೆಂಗಸರ ಹತ್ತಿರ ಇರಲಿಲ್ಲ.

ಅಮೆರಿಕದ ಆಸ್ಪತ್ರೆಗಳಲ್ಲಿ ಇದೇ ಗುಳಿಗೆಯನ್ನು ಹೆರಿಗೆಯ ನೋವು ಬರಿಸಲು ಉಪಯೋಗಿಸುವುದು ರೂಢಿಗೆ ಬಂತು. ಅದಕ್ಕೆ ಬೇಕಾದದ್ದು ಇಪ್ಪತ್ತೈದು ಮೈಕ್ರೊಗ್ರಾಮು. ದೊರೆಯುತ್ತಿದ್ದ ಗುಳಿಗೆಗಳು ನೂರು ಮತ್ತು ಇನ್ನೂರು ಮೈಕ್ರೊಗ್ರಾಮಿನವು. ಗುಳಿಗೆಯನ್ನು ನಾಲ್ಕಾಗಿ, ಎಂಟಾಗಿ ತುಂಡರಿಸಬೇಕಾಗಿತ್ತು. ತುಂಡುಗಳು ಸಮವಾಗುತ್ತಿರಲಿಲ್ಲ. ಲೇಬಲು ಮೌನವಾಗಿರುವಲ್ಲಿ ತಯಾರಕನು ತಕ್ಕ ಗಾತ್ರದ ಗುಳಿಗೆಯನ್ನು ಮಾಡುವುದಿಲ್ಲ. ಮೌನದ ಬೆಲೆಯನ್ನು ರೋಗಿ ತೆರುವುದು ಇಂಥ ಸಣ್ಣ ಸಂಗತಿಗಳಲ್ಲಿ. ಹಿಂದೆ ಸಿಸೇರಿಯನ್ ಶಸ್ತ್ರಕ್ರಿಯೆಯಾಗಿದ್ದ ಕೆಲವರಲ್ಲಿ ಗರ್ಭಾಶಯ ಬಿರಿದದ್ದುಂಟು. ಅಂಥವರಿಗೆ ಇದನ್ನು ಕೊಡಬಾರದೆಂದು ೧೯೯೯ರಲ್ಲಿ ಅಲ್ಲಿನ ಪ್ರಸೂತಿತಜ್ಞರ ಸಂಘ ಸೂಚಿಸಿತು. ೨೦೦೦ದ ಆಗಸ್ಟಿನಲ್ಲಿ ಕಂಪೆನಿಯು, ಗರ್ಭಿಣಿಯರಿಗೆ ಈ ಔಷಧವನ್ನು ಕೊಡಬಾರದೆಂದು ವೈದ್ಯರಿಗೆ ಪತ್ರ ಬರೆಯಿತು. ಮರುತಿಂಗಳೇ ಮಿಫೆಪ್ರಿಸ್ಟೋನ್ ಎಂಬ ಬೇರೊಂದು ಔಷಧಕ್ಕೆ ಗರ್ಭಪಾತಕ್ಕಾಗಿ ಅನುಮತಿ ದೊರೆಯಿತು. ಅದರ ಲೇಬಲಿನಲ್ಲಿ ಅದರೊಡನೆ ಮಿಸೊಪ್ರೊಸ್ಟಾಲನ್ನೂ ಕೊಡಬೇಕೆಂಬ ವಿಧಿಯಿದೆ! ತನ್ನ ಲೇಬಲಿನಲ್ಲಿ ನಿಷಿದ್ಧವಾದದ್ದು ಇನ್ನೊಂದರ ಲೇಬಲಿನಲ್ಲಿ ವಿಹಿತವಾಯಿತು. ೨೦೦೨ರಲ್ಲಿ ಸೈಟೊಟೆಕ್ಕಿನ ಲೇಬಲನ್ನು ತಿದ್ದಿ, ಹುಣ್ಣಿನ ತಡೆಗಾಗಿ ಸೇವಿಸುವ ಗರ್ಭಿಣಿಯರಿಗೆ ಮಾತ್ರ ನಿಷೇಧವನ್ನು ಉಳಿಸಿದರು. ಹೆರಿಗೆಯಲ್ಲಿ ಉಪಯೋಗಿಸಿದಾಗ ಒದಗಬಹುದಾದ ಅಪಾಯಗಳನ್ನು ಸೇರಿಸಿದರು. ಆದರೂ ಹೆರಿಗೆಯ ಪ್ರಯೋಜನವು ಉಕ್ತವಾಗಲಿಲ್ಲ. ಅದಕ್ಕಾಗಿ ಕಂಪೆನಿ ಅರ್ಜಿಯನ್ನೇ ಸಲ್ಲಿಸಿರಲಿಲ್ಲ. ಒಡೆಯನು ಕೇಳದ ಪ್ರಶ್ನೆ ಪ್ರಶ್ನೆಯಾಗಿಯೇ ನಿಂತಿತು.

ಆ ಪ್ರಶ್ನೆಯ ಒಂದು ಭಾಗಕ್ಕೆ ಉತ್ತರ ಬಂದದ್ದು ನಮ್ಮ ಬೆಳಗಾವಿ ಜಿಲ್ಲೆಯಿಂದ ಎಂಬುದು ಕನ್ನಡಿಗರಲ್ಲಿ ಬಹುಮಂದಿಗೆ ತಿಳಿಯದು. ಹೆರಿಗೆಯಾದ ಕೂಡಲೆ ಮಿತಿಮೀರಿ ರಕ್ತ ಹೋಗುವುದು ತಾಯಂದಿರ ಮರಣಕ್ಕೆ ಮುಖ್ಯ ಕಾರಣಗಳಲ್ಲೊಂದು. ಅದನ್ನು ತಡೆಯಲು ಆಕ್ಸಿಟೋಸಿನ್ ಚುಚ್ಚುಮದ್ದು ಉತ್ತಮ. ಆದರೆ ಅದನ್ನು ತಂಪಿನಲ್ಲಿಡಬೇಕು, ಚುಚ್ಚಲು ತಿಳಿದವರು ಬೇಕು. ಮಿಸೊಪ್ರೊಸ್ಟಾಲ್ ಗುಳಿಗೆಗೆ ತಂಪುಪೆಟ್ಟಿಗೆ ಬೇಡ, ಸೂಜಿ ಬೇಡ, ಬೆಲೆಯೂ ಕಡಮೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯದವರು ಅಮೆರಿಕದ ಸಂಶೋಧಕರೊಡನೆ ಸೇರಿ ೨೦೦೨ರ ಸೆಪ್ಟೆಂಬರಿನಿಂದ ೨೦೦೫ರ ಡಿಸೆಂಬರಿನವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ ೧,೬೨೦ ಹೆರಿಗೆಗಳನ್ನು ಅಭ್ಯಸಿಸಿದರು. ಗುಳಿಗೆ ಕೊಟ್ಟವರು ಮನೆಗಳಲ್ಲಿಯೂ ಉಪಕೇಂದ್ರಗಳಲ್ಲಿಯೂ ಹೆರಿಗೆ ಮಾಡಿಸುವ ಸಹಾಯಕ ದಾದಿಯರು. ಯಾರಿಗೆ ನಿಜವಾದ ಗುಳಿಗೆ, ಯಾರಿಗೆ ಔಷಧವಿಲ್ಲದ ಹುಸಿಗುಳಿಗೆ ಎಂಬುದು ಅವರಿಗೂ ತಿಳಿದಿರಲಿಲ್ಲ. ಹೋದ ರಕ್ತವನ್ನು ಕಣ್ಣಂದಾಜಿನಿಂದ ಹೇಳದೆ, ಅಳತೆಯ ಗುರುತುಗಳುಳ್ಳ ಪ್ಲಾಸ್ಟಿಕ್ ಹಾಸಿನಲ್ಲಿ ಹಿಡಿದು ಅಳೆದರು. ಹುಸಿಗುಳಿಗೆ ಪಡೆದವರಲ್ಲಿ ನೂರಕ್ಕೆ ೧೨ ಮಂದಿಗೆ ಅತಿರಕ್ತಸ್ರಾವವಾಯಿತು. ಆರುನೂರು ಮೈಕ್ರೊಗ್ರಾಮು ಔಷಧ ಪಡೆದವರಲ್ಲಿ ನೂರಕ್ಕೆ ೬.೪. ಒಂದು ಲೀಟರನ್ನು ಮುಟ್ಟಿದ ತೀವ್ರಸ್ರಾವವು ನೂರಕ್ಕೆ ೧.೨ರಿಂದ ೦.೨ಕ್ಕೆ ಇಳಿಯಿತು. ನಡುಕ ಮತ್ತು ಜ್ವರ ಔಷಧ ಪಡೆದವರಲ್ಲಿ ಹೆಚ್ಚಾಗಿ ಕಂಡವು, ಆದರೆ ಬೇಗ ಇಳಿದವು. ಹದಿನೆಂಟು ಮಂದಿ ತಾಯಂದಿರಿಗೆ ಗುಳಿಗೆ ಕೊಟ್ಟರೆ ಒಬ್ಬಳ ಅತಿಸ್ರಾವ ತಪ್ಪುತ್ತದೆಂಬುದು ಲೆಕ್ಕ. ಈ ಫಲಿತಾಂಶ ೨೦೦೬ರಲ್ಲಿ ಪ್ರಕಟವಾಯಿತು. ಆಕ್ಸಿಟೋಸಿನ್ ದೊರೆಯದ ಅಥವಾ ಸುರಕ್ಷಿತವಾಗಿ ಕೊಡಲಾಗದ ಎಡೆಗಳಲ್ಲಿ ಈ ಉದ್ದೇಶಕ್ಕಾಗಿ ಮಿಸೊಪ್ರೊಸ್ಟಾಲನ್ನು ೨೦೧೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಸೇರಿಸಿತು. ಹೆರಿಗೆ ನೋವು ಬರಿಸುವುದಕ್ಕೆ ಬೇಕಾದ ಇಪ್ಪತ್ತೈದು ಮೈಕ್ರೊಗ್ರಾಮಿನ ಗುಳಿಗೆಯೂ ಈಗ ನಮ್ಮ ದೇಶದಲ್ಲಿಯೇ ತಯಾರಾಗುತ್ತದೆ.

ಬ್ರೆಜಿಲಿನ ಹೆಂಗಸರೂ ಬೆಳಗಾವಿಯ ದಾದಿಯರೂ ಕೈಯಲ್ಲಿ ಹಿಡಿದದ್ದು ಒಂದೇ ಗುಳಿಗೆ. ಹೊಟ್ಟೆಹುಣ್ಣಿನ ಲೇಬಲಿಗೆ ಎರಡೂ ಪ್ರಯೋಗಗಳು ಹೊರಗಿನವು. ಆದರೆ ಬೆಳಗಾವಿಯಲ್ಲಿ ಹೋಲಿಕೆಯಿತ್ತು, ಅಳತೆಯಿತ್ತು, ಬರೆದಿಡುವ ಪುಸ್ತಕವಿತ್ತು. ಉದಾಸೀನಮೌನವನ್ನು ಮುರಿಯುವ ಸರಿಯಾದ ಮಾರ್ಗ ಇದು.

೫

ಒಡೆಯನು ಅರ್ಜಿ ಸಲ್ಲಿಸದೆ, ಆದರೆ ಲಾಭವನ್ನು ಬಿಡದೆ, ಕಿವಿಯಲ್ಲಿ ಪಿಸುಗುಟ್ಟಿದರೆ ಏನಾಗುತ್ತದೆಂಬುದಕ್ಕೆ ಗ್ಯಾಬಪೆಂಟಿನ್ ಉದಾಹರಣೆ. ೧೯೯೩ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆತದ್ದು ಅಪಸ್ಮಾರರೋಗಿಗಳಿಗೆ ಇತರ ಔಷಧಗಳೊಡನೆ ಕೊಡುವುದಕ್ಕೆ ಮಾತ್ರ. ವೈದ್ಯನು ಲೇಬಲಿನಾಚೆಗೆ ಔಷಧ ಬರೆಯುವುದನ್ನು ಅಲ್ಲಿನ ಕಾನೂನು ತಡೆಯುವುದಿಲ್ಲ. ತಯಾರಕನು ಲೇಬಲಿನಾಚೆಯ ಪ್ರಯೋಜನವನ್ನು ಪ್ರಚಾರಮಾಡುವುದನ್ನು ತಡೆಯುತ್ತದೆ. ವಾರ್ನರ್-ಲ್ಯಾಂಬರ್ಟ್ ಕಂಪೆನಿಯು ಈ ಔಷಧವನ್ನು ಉನ್ಮಾದ-ವಿಷಾದಗಳ ಮನೋರೋಗಕ್ಕೆ, ತಲೆನೋವಿಗೆ, ಬಗೆಬಗೆಯ ನೋವುಗಳಿಗೆ ಒಳ್ಳೆಯದೆಂದು ವೈದ್ಯರಲ್ಲಿ ಪ್ರಚಾರಮಾಡಿದುದು ಅದೇ ಕಂಪೆನಿಯಲ್ಲಿ ಕೆಲಸಮಾಡಿದ್ದ ವಿಜ್ಞಾನಿ ಡೇವಿಡ್ ಫ್ರಾಂಕ್ಲಿನ್ ಹೂಡಿದ ದಾವೆಯಿಂದ ಹೊರಬಿತ್ತು. ೨೦೦೪ರಲ್ಲಿ ಕಂಪೆನಿ ತಪ್ಪನ್ನೊಪ್ಪಿಕೊಂಡಿತು. ಆ ವೇಳೆಗೆ ಅದನ್ನು ಕೊಂಡುಕೊಂಡಿದ್ದ ಫೈಜರ್ ಸಂಸ್ಥೆಯು ೪೩೦ ದಶಲಕ್ಷ ಡಾಲರುಗಳನ್ನು ತೆರಲು ಸಮ್ಮತಿಸಿತು.

ಇಲ್ಲಿ ವಿಮರ್ಶಕನು ಗಮನಿಸಬೇಕಾದ ಅಂಶ ಬೇರೆ. ಸರ್ಪಸುತ್ತಿನ ಹುಣ್ಣು ಮಾದ ಮೇಲೂ ಉಳಿಯುವ ನರಬೇನೆಗೆ ಗ್ಯಾಬಪೆಂಟಿನ್ ಉಪಯುಕ್ತವೆಂದು ಪರೀಕ್ಷೆಗಳಿಂದ ತಿಳಿದು, ೨೦೦೨ರಲ್ಲಿ ಆ ಪ್ರಯೋಜನ ಲೇಬಲಿನಲ್ಲಿ ಸೇರಿತು. ಉನ್ಮಾದ-ವಿಷಾದರೋಗದಲ್ಲಿ ಪರೀಕ್ಷಿಸಿದಾಗ ಹುಸಿಗುಳಿಗೆಗಿಂತ ಅದು ಮೇಲೆಂದು ಕಾಣಲಿಲ್ಲ. ಒಂದೇ ಔಷಧ, ಒಂದೇ ಮೌನ. ಒಂದೆಡೆ ಅನುಕ್ತವು ಉಕ್ತವಾಯಿತು, ಇನ್ನೊಂದೆಡೆ ನಿರಾಕೃತವಾಯಿತು. ನಿರಾಕೃತವಾದ ಮೇಲೂ ಚೀಟಿಗಳಲ್ಲಿ ಅದು ನಿಲ್ಲಲಿಲ್ಲವೆಂಬುದು ಪ್ರಚಾರದ ಬಲವನ್ನು ತೋರಿಸುತ್ತದೆ. 'ವೈದ್ಯನ ವಿವೇಚನೆ' ಎಂಬ ಮಾತನ್ನು ಹಿಡಿದು ಅನುಕ್ತಪ್ರಯೋಗವನ್ನೆಲ್ಲ ಸಮರ್ಥಿಸುವವರು, ಆ ವಿವೇಚನೆಗೆ ಸಾಮಗ್ರಿಯನ್ನು ಒದಗಿಸಿದವರು ಯಾರೆಂದು ಕೇಳಬೇಕು.

೬

ಅನುಕ್ತವನ್ನು ಆತುರದಿಂದ ನಿಷೇಧವಾಗಿ ಮಾರ್ಪಡಿಸುವುದರಲ್ಲಿಯೂ ಅಪಾಯವುಂಟು. ಅದಕ್ಕೆ ನಿದರ್ಶನ ನಮ್ಮ ದೇಶದ್ದು. ಲೆಟ್ರೊಜೋಲ್ ಎಂಬುದು ಮುಟ್ಟುನಿಂತ ಹೆಂಗಸರ ಸ್ತನಾರ್ಬುದಕ್ಕಾಗಿ ಅನುಮತಿ ಪಡೆದ ಔಷಧ. ಅಂಡಾಣು ಬಿಡುಗಡೆಯಾಗದೆ ಮಕ್ಕಳಾಗದವರಿಗೆ ಇದು ನೆರವಾಗುತ್ತದೆಂದು ೨೦೦೧ರಿಂದ ವರದಿಗಳು ಬಂದವು. ಭಾರತದ ವೈದ್ಯರೂ ಬಳಸತೊಡಗಿದರು. ೨೦೦೫ರಲ್ಲಿ ಕೆನಡಾದಿಂದ ಬಂದ ಒಂದು ಸಂಕ್ಷಿಪ್ತ ವರದಿಯು, ಹೀಗೆ ಹುಟ್ಟಿದ ೧೫೦ ಶಿಶುಗಳಲ್ಲಿ ಊನಗಳು ಹೆಚ್ಚೆಂದು ಹೇಳಿತು. ಅದರಲ್ಲಿ ಹೋಲಿಕೆಗೆ ತೆಗೆದುಕೊಂಡ ಗುಂಪು ಸರಿಯಾದುದಾಗಿರಲಿಲ್ಲ. ಮರುವರ್ಷವೇ ೯೧೧ ಶಿಶುಗಳನ್ನು ಕುರಿತ ಇನ್ನೊಂದು ಅಧ್ಯಯನವು, ಲೆಟ್ರೊಜೋಲಿಗೂ ಹಳೆಯ ಔಷಧವಾದ ಕ್ಲೊಮಿಫೀನಿಗೂ ಈ ವಿಷಯದಲ್ಲಿ ಅಂಥ ಭೇದವಿಲ್ಲವೆಂದು ತೋರಿಸಿತು. ಆದರೂ ಭಾರತ ಸರ್ಕಾರವು ೨೦೧೧ರ ಅಕ್ಟೋಬರಿನಲ್ಲಿ ಬಂಜೆತನದ ಚಿಕಿತ್ಸೆಯಲ್ಲಿ ಲೆಟ್ರೊಜೋಲನ್ನು ನಿಷೇಧಿಸಿತು. ೨೦೧೪ರಲ್ಲಿ ಅಮೆರಿಕದಲ್ಲಿ ೭೫೦ ಹೆಂಗಸರ ಮೇಲೆ ನಡೆದ ಪರೀಕ್ಷೆ ಪ್ರಕಟವಾಯಿತು: ಲೆಟ್ರೊಜೋಲ್ ಪಡೆದವರಲ್ಲಿ ನೂರಕ್ಕೆ ೨೭.೫ ಮಂದಿಗೆ, ಕ್ಲೊಮಿಫೀನ್ ಪಡೆದವರಲ್ಲಿ ನೂರಕ್ಕೆ ೧೯.೧ ಮಂದಿಗೆ ಮಕ್ಕಳಾದವು. ನಮ್ಮಲ್ಲಿ ನಿಷೇಧ ತೆರವಾದದ್ದು ೨೦೧೭ರಲ್ಲಿ.

ನಿಷೇಧವನ್ನು ಸಮರ್ಥಿಸಿದವರ ವಾದದಲ್ಲಿ ಸತ್ಯವಿಲ್ಲವೆಂದಲ್ಲ. ತಕ್ಕ ಪರೀಕ್ಷೆಯಿಲ್ಲದೆ, ಲೇಬಲಿನಲ್ಲಿಲ್ಲದ ಪ್ರಯೋಜನಕ್ಕಾಗಿ ಮಾರಾಟ ನಡೆಯಕೂಡದೆಂಬುದು ನ್ಯಾಯವಾದ ಮಾತು. ೨೦೧೯ರ ನಿಯಮಗಳ ಪ್ರಕಾರವೂ, ಅನುಮತಿ ಪಡೆದ ಔಷಧಕ್ಕೆ ಹೊಸ ಪ್ರಯೋಜನವನ್ನು ಹೇಳಬೇಕಾದರೆ ಅದನ್ನು ಹೊಸ ಔಷಧವೆಂದೇ ಪರಿಗಣಿಸಿ ಅಪ್ಪಣೆ ಪಡೆಯಬೇಕು. ಆದರೆ ಆ ನಿಯಮ ತಯಾರಕನನ್ನು ಕಟ್ಟುತ್ತದೆ. ವೈದ್ಯನು ಚೀಟಿಯಲ್ಲಿ ಲೇಬಲಿನಾಚೆಗೆ ಹೋಗುವುದನ್ನು ನೇರವಾಗಿ ಹೆಸರಿಸಿ ಬಿಡುವ ಅಥವಾ ತಡೆಯುವ ವಿಧಿ ನಮ್ಮ ಔಷಧಶಾಸನದಲ್ಲಿಲ್ಲ. ಲೇಬಲಿನಂತೆ ಶಾಸನವೂ ಇಲ್ಲಿ ಮೌನ. ಆ ಮೌನದಲ್ಲಿ ಹುಟ್ಟಿದ ನಿಷೇಧವು, ಪ್ರಶ್ನೆಯನ್ನು ಪರೀಕ್ಷಿಸುವ ಬದಲು ಆರು ವರ್ಷಗಳ ಕಾಲ ಮುಚ್ಚಿಟ್ಟಿತು. ಆ ಆರು ವರ್ಷಗಳ ನಷ್ಟ ಮಕ್ಕಳಿಲ್ಲದ ದಂಪತಿಗಳದು.

೭

ಅನುಕ್ತಪ್ರಯೋಗ ಎಷ್ಟರಮಟ್ಟಿಗೆ ನಡೆಯುತ್ತದೆ? ಅಮೆರಿಕದಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದ ೧೬೦ ಔಷಧಗಳ ೨೦೦೧ರ ಬಳಕೆಯನ್ನು ಪರಿಶೀಲಿಸಿ ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನೂರಕ್ಕೆ ೨೧ರಷ್ಟು ಪ್ರಯೋಗಗಳು ಲೇಬಲಿನಾಚೆಯವು. ಅವುಗಳಲ್ಲಿ ನೂರಕ್ಕೆ ೭೩ಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಥವಾ ಅತ್ಯಲ್ಪ. ಈ ಅಂಕಿಗಳನ್ನು ಒಂದೊಂದು ಪಕ್ಷದವರೂ ಅರ್ಧವಷ್ಟೇ ಉಲ್ಲೇಖಿಸುವುದುಂಟು. ಐದರಲ್ಲಿ ಒಂದು ಪ್ರಯೋಗ ಅನುಕ್ತವಾದರೆ ಅದು ಅಪವಾದವಲ್ಲ, ವೈದ್ಯದ ನಿತ್ಯವ್ಯವಹಾರ. ಅದನ್ನೆಲ್ಲ ನಿಷೇಧಿಸಿದರೆ ಚಿಕಿತ್ಸೆಯೇ ನಿಂತೀತು. ಆದರೆ ಅದರಲ್ಲಿ ಮುಕ್ಕಾಲುಪಾಲು ನಿರಾಧಾರವಾದರೆ, ನಿತ್ಯವ್ಯವಹಾರವೆಂಬುದೇ ಸಮರ್ಥನೆಯಾಗಲಾರದು. ಕೆನಡಾದ ಕ್ವಿಬೆಕ್ ಪ್ರಾಂತದ ನಲವತ್ತಾರು ಸಾವಿರ ರೋಗಿಗಳನ್ನು ಕುರಿತು ೨೦೧೬ರಲ್ಲಿ ಪ್ರಕಟವಾದ ಅಧ್ಯಯನವು ಈ ಚರ್ಚೆಗೆ ಇನ್ನಷ್ಟು ಬೆಳಕು ಕೊಡುತ್ತದೆ. ಬಲವಾದ ಆಧಾರವಿಲ್ಲದ ಅನುಕ್ತಪ್ರಯೋಗದಲ್ಲಿ ಉಪದ್ರವಗಳು ಸುಮಾರು ಒಂದೂವರೆ ಪಟ್ಟು ಹೆಚ್ಚಾಗಿದ್ದವು. ಬಲವಾದ ಆಧಾರವಿದ್ದಲ್ಲಿ ಉಕ್ತಪ್ರಯೋಗಕ್ಕೂ ಅದಕ್ಕೂ ಗಣನೀಯವಾದ ಅಂತರ ಕಾಣಲಿಲ್ಲ. ಎಂದರೆ ಅಪಾಯದ ಗೆರೆ ಲೇಬಲಿನ ಅಂಚಿನಲ್ಲಿಲ್ಲ, ಪ್ರಮಾಣದ ಅಂಚಿನಲ್ಲಿದೆ.

ಇಲ್ಲಿ ಒಂದು ಆಕ್ಷೇಪ ಹುಟ್ಟಬಹುದು. ಮೌನದ ಬಗೆಗಳನ್ನು ವಿಂಗಡಿಸುವುದು ಪಂಡಿತರ ಕೆಲಸ; ನೂರು ರೋಗಿಗಳು ಸಾಲಿನಲ್ಲಿ ಕಾದಿರುವಾಗ ವೈದ್ಯನಿಗೆ ಅದಕ್ಕೆ ವೇಳೆಯೆಲ್ಲಿ? ಆಕ್ಷೇಪಕ್ಕೆ ಬಲವಿದೆ. ಆದುದರಿಂದಲೇ ಈ ಹೊರೆಯನ್ನು ಒಬ್ಬೊಬ್ಬ ವೈದ್ಯನ ಮೇಲೆ ಹೇರದೆ ವೈದ್ಯಕೀಯ ಮಹಾವಿದ್ಯಾಲಯಗಳೂ ತಜ್ಞಸಂಘಗಳೂ ಹೊರಬೇಕು. ಆದರೆ ಮೂರು ಪ್ರಶ್ನೆಗಳನ್ನು ಚೀಟಿ ಬರೆಯುವವನೇ ಕೇಳಿಕೊಳ್ಳಬೇಕಾಗಿದೆ. ಲೇಬಲು ಇಲ್ಲಿ ಏಕೆ ಮೌನವಾಗಿದೆ? ಈ ಪ್ರಯೋಗಕ್ಕೆ ಹೋಲಿಕೆಯುಳ್ಳ ಪರೀಕ್ಷೆಯ ಆಧಾರವಿದೆಯೆ, ಅಥವಾ ಇದನ್ನು ನನಗೆ ಹೇಳಿದವನು ಮಾರಾಟಗಾರನೆ? ಉಕ್ತವಾದ ಬೇರೆ ಔಷಧ ಈ ರೋಗಿಗೆ ದೊರೆಯುವುದಿಲ್ಲವೆ?

ನಾಲ್ಕನೆಯ ಪ್ರಶ್ನೆ ರೋಗಿಯದು. ಅದನ್ನು ಕೇಳಲು ಆತನಿಗೆ ಅವಕಾಶವೇ ಇರುವುದಿಲ್ಲ. ಚಿಕಿತ್ಸೆಯ ಸ್ವರೂಪ, ಅದರ ಅಪಾಯಗಳು ಮತ್ತು ಇತರ ಮಾರ್ಗಗಳನ್ನು ತಿಳಿಸಿಯೇ ರೋಗಿಯ ಸಮ್ಮತಿ ಪಡೆಯಬೇಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ೨೦೦೮ರಲ್ಲಿ ಸ್ಪಷ್ಟಪಡಿಸಿದೆ. ಆ ಮೊಕದ್ದಮೆ ಶಸ್ತ್ರಕ್ರಿಯೆಯನ್ನು ಕುರಿತದ್ದಾದರೂ ತತ್ತ್ವ ಇಲ್ಲಿಗೂ ಅನ್ವಯಿಸತಕ್ಕದ್ದು. ವ್ಯವಹಾರದಲ್ಲಿ ನಡೆಯುವುದೇನು? ಔಷಧದಂಗಡಿಯವನು ಪಟ್ಟಿಯಿಂದ ನಾಲ್ಕು ಗುಳಿಗೆಗಳನ್ನು ಕತ್ತರಿಸಿ ಕೊಡುತ್ತಾನೆ. ವಿವರಣೆಯ ಕಾಗದ ಪೆಟ್ಟಿಗೆಯಲ್ಲಿಯೇ ಉಳಿಯುತ್ತದೆ. ಅದು ಕೈಗೆ ಬಂದರೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ. ಕನ್ನಡವೊಂದನ್ನೇ ಬಲ್ಲ ರೋಗಿಗೆ ಲೇಬಲಿನ ಉಕ್ತವೂ ಅನುಕ್ತವೇ, ನಿಷೇಧವೂ ಅನುಕ್ತವೇ. ಬಂಜೆತನಕ್ಕೆಂದು ಲೆಟ್ರೊಜೋಲ್ ಪಡೆದವಳು ಮನೆಗೆ ಹೋಗಿ ಓದಿಬಲ್ಲ ಬಂಧುವಿನಿಂದ ಕಾಗದವನ್ನು ಓದಿಸಿ, ಅರ್ಬುದದ ಹೆಸರು ಕೇಳಿ ಹೆದರುವುದು ಅಸಂಭವವಲ್ಲ. ಆ ಹೆದರಿಕೆಗೆ ಕಾರಣ ಔಷಧವಲ್ಲ, ಹೇಳದೆ ಬಿಟ್ಟದ್ದು.

ಆದುದರಿಂದ ಈ ಕ್ಷೇತ್ರದಲ್ಲಿ ಮೊದಲು ಆಗಬೇಕಾದ ಸುಧಾರಣೆ ಕಾನೂನಿನದಲ್ಲ, ಮಾತಿನದು. ಲೇಬಲಿನಾಚೆಗೆ ಔಷಧ ಬರೆಯುವ ವೈದ್ಯನು ಚೀಟಿಯ ಮೇಲೆಯೇ, ರೋಗಿ ಬಲ್ಲ ಭಾಷೆಯಲ್ಲಿ, ಎರಡು ಸಾಲು ಸೇರಿಸಬೇಕು: ಈ ಔಷಧದ ಲೇಬಲು ಇಂಥ ಬೇರೊಂದು ರೋಗವನ್ನು ಹೇಳುತ್ತದೆ, ನಿಮಗೆ ಇದನ್ನು ಇಂಥ ಕಾರಣದಿಂದ ಕೊಟ್ಟಿದೆ. ಆ ಎರಡು ಸಾಲುಗಳನ್ನು ಬರೆಯಬಲ್ಲ ವೈದ್ಯನು ಮೌನದ ಕಾರಣವನ್ನು ವಿಚಾರಿಸಿರುತ್ತಾನೆ. ಬರೆಯಲು ಆಗದಿದ್ದರೆ ಆ ಔಷಧವನ್ನು ಬರೆಯುವ ಮೊದಲು ಆತ ಇನ್ನೊಮ್ಮೆ ಯೋಚಿಸಬೇಕು.